ಕೇಳಿಸಲಿಲ್ಲ, ಕಂಡಿತು

ನಾದಿನಿ ಬರೆದುಕೊಟ್ಟದ್ದು ಒಂದೇ ಸಾಲು. ಆ ಸಾಲೇ ಅವಳ ಕುತ್ತಿಗೆಗೆ ಬಂದಿತ್ತು.

“ಯಾರ ಕೂಗೂ ಕೇಳಿಸಲಿಲ್ಲ, ತಪ್ಪಾಯಿತು” ಎಂದು ಬರೆದು, ಕೆಳಗೆ ರುಜು ಹಾಕಿ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಮೇಸ್ತ್ರಿಯ ಕೋಣೆಯಿಂದ ಹೊರಬಂದ ಹುಡುಗಿಯನ್ನು ಅತ್ತಿಗೆ ಮಿಲ್ಲಿನ ಗೇಟಿನ ಬಳಿ ತಡೆದಳು.

“ಏನು ಬರ್ಕೊಟ್ಟೆ?”

“ಅವರು ಕೇಳಿದ್ದಕ್ಕೆ ಬರೆದೆ, ಅತ್ತಿಗೆ.”

“ಏನು ಕೇಳಿದ್ರು?”

“ಯಾರಾದ್ರೂ ಕೂಗಿದ್ದು ಕೇಳಿಸ್ತಾ ಅಂದ್ರು. ಕೇಳಿಸ್ಲಿಲ್ಲವಲ್ಲ. ಸುಳ್ಳು ಹೇಳ್ಲಾ?”

“ತಪ್ಪಾಯ್ತು ಅಂತ ಯಾಕೆ ಬರೆದೆ?”

“ಅವರು ಅಷ್ಟು ಜೋರಾಗಿ ಗದರಿದ್ರೆ ಇನ್ನೇನು ಬರೀಲಿ?”

ಅತ್ತಿಗೆ ಹಣೆ ಹಣೆ ಚಚ್ಚಿಕೊಂಡಳು. ಹುಡುಗಿ ಹೇಳಿದ್ದು ನಿಜವೇ. ಆದರೆ ಆ ನಿಜ ಓದಿದವರಿಗೆ ತಪ್ಪೊಪ್ಪಿಗೆಯಂತೆ ಕಾಣುತ್ತಿತ್ತು. ಬೇರೆ ಯಾವ ಕಸುಬಿನವರೂ ಆ ಪ್ರಶ್ನೆಗೆ ಹಾಗೆ ಸಿಕ್ಕಿಬೀಳುತ್ತಿರಲಿಲ್ಲ. ನೇಯ್ಗೆಯ ಶೆಡ್ಡಿನವರು ಮಾತ್ರ ಬೀಳಬಲ್ಲರು.

ಏಕೆಂದರೆ ಆ ಶೆಡ್ಡಿನಲ್ಲಿ ಯಾರ ಕೂಗೂ ಯಾರಿಗೂ ಎಂದೂ ಕೇಳಿಸಿದ್ದಿಲ್ಲ. ಮಗ್ಗಗಳು ಓಡತೊಡಗಿದವೆಂದರೆ ಕಿವಿಗೆ ಬಾಯಿಟ್ಟು ಕಿರುಚಿದರೂ ವ್ಯರ್ಥ. ಅಲ್ಲಿಯವರು ಕಿರುಚುವ ಗೋಜಿಗೇ ಹೋಗುತ್ತಿರಲಿಲ್ಲ. ಗಂಟಲನ್ನು ಅದರ ಪಾಡಿಗೆ ಬಿಟ್ಟು, ತುಟಿಗಳನ್ನು ಅಗಲವಾಗಿ ಆಡಿಸಿ, ಹುಬ್ಬನ್ನೂ ಬೆರಳುಗಳನ್ನೂ ನೆರವಿಗೆ ಕರೆದು ಮಾತನಾಡುತ್ತಿದ್ದರು. ಇದ್ದ ಸುದ್ದಿ, ಇಲ್ಲದ ಸುದ್ದಿ, ಜಗಳ, ರಾಜಿ ಎಲ್ಲವೂ ಸದ್ದಿಲ್ಲದೆ ಒಂದು ಮಗ್ಗದಿಂದ ಇನ್ನೊಂದು ಮಗ್ಗಕ್ಕೆ ಹೋಗುತ್ತಿದ್ದವು. ಈ ವಿದ್ಯೆಯಲ್ಲಿ ಅತ್ತಿಗೆಯನ್ನು ಮೀರಿಸುವವರು ಇರಲಿಲ್ಲ. ಮೂರು ಸಾಲು ಆಚೆ ನಿಂತವರನ್ನೂ ಅವಳು ನಗಿಸಿ ಹೊಟ್ಟೆ ಹಿಡಿದುಕೊಳ್ಳುವಂತೆ ಮಾಡುತ್ತಿದ್ದಳು. ಅದಕ್ಕೇ ಮಿಲ್ಲಿನವರು ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದರು. ಸದ್ದಿಲ್ಲದ ರೇಡಿಯೋ.

ಅವಳು ಮಿಲ್ಲಿಗೆ ಸೇರಿದಾಗ ಇನ್ನೂ ಎರಡು ಜಡೆಯ ಹುಡುಗಿ. ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದ ಹೆಂಗಸು ಅವಳಿಗೆ ಹರಿದ ಎಳೆ ಕೂಡಿಸುವುದನ್ನು ಕಲಿಸಿದಳು, ಅಡ್ಡನೂಲು ಹಾಯಿಸುವ ಲಾಳಿ ಬದಲಿಸುವುದನ್ನು ಕಲಿಸಿದಳು, ತುಟಿ ಓದುವುದನ್ನೂ ಕಲಿಸಿದಳು. ಮುಂದೆ ಆ ಹೆಂಗಸಿಗೆ ಮಗನಿಗೊಂದು ಹೆಣ್ಣು ನೋಡಬೇಕಾಗಿ ಬಂದಾಗ ಆಕೆ ಯಾವ ಊರಿಗೂ ಹೋಗಲಿಲ್ಲ. ಪಕ್ಕದ ಮಗ್ಗದ ಕಡೆಗೆ ತಿರುಗಿ ಕೇಳಿದಳು. “ನನ್ನ ಮಗ ಬಸ್ಸು ಓಡಿಸ್ತಾನೆ, ಕುಡಿಯಲ್ಲ, ಗೊರಕೆ ಮಾತ್ರ ಇದೆ” ಎಂದಳು. “ಗೊರಕೆ ಆದರೇನು, ನಾವೆಲ್ಲಿ ಕೇಳಿಸ್ಕೊಳ್ತೀವಿ?” ಎಂದು ಹುಡುಗಿ ತುಟಿಯಲ್ಲೇ ಉತ್ತರ ಕೊಟ್ಟಳು. ಮದುವೆಯ ಮಾತುಕತೆ ಹೀಗೆ ಒಂದು ಸದ್ದೂ ಇಲ್ಲದೆ ಮುಗಿದುಹೋಯಿತು.

ಈಗ ಆ ಅತ್ತೆಗೆ ಕಿವಿ ಪೂರ್ತಿ ಹೋಗಿದೆ. ಜೀವಮಾನವೆಲ್ಲ ಮಗ್ಗದ ಮುಂದೆ ನಿಂತವರಿಗೆ ಅದು ಹೊಸದಲ್ಲ. ಮನೆಯಲ್ಲಿ ಅತ್ತೆ ಸೊಸೆ ಎದುರುಬದುರು ಕುಳಿತು ತುಟಿಯಾಡಿಸುತ್ತ ಗಂಟೆಗಟ್ಟಲೆ ಹರಟುವುದನ್ನು ಕಂಡು, ಅಡುಗೆಮನೆ ಇಷ್ಟು ನಿಶ್ಶಬ್ದವಾಗಿದೆಯಲ್ಲಾ, ಇಬ್ಬರೂ ಮಾತು ಬಿಟ್ಟಿದ್ದಾರೇನೋ ಎಂದು ಅಕ್ಕಪಕ್ಕದವರು ಮೊದಮೊದಲು ಮರುಗಿದ್ದುಂಟು.

ನಾದಿನಿ ಆ ಅತ್ತೆಯ ಕೊನೆಯ ಮಗಳು. ಮಿಲ್ಲಿಗೆ ಸೇರಿ ವರ್ಷ ತುಂಬುತ್ತ ಬಂದಿತ್ತು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಹಿಂದು. ದೊಡ್ಡವರು ದನಿಯೇರಿಸಿದರೆ ಅವಳ ನಾಲಿಗೆ ಒಳಗೇ ಮಡಚಿಕೊಳ್ಳುತ್ತಿತ್ತು.

ಆ ದಿನ ನಡೆದದ್ದು ಇಷ್ಟು. ಶೆಡ್ಡಿನ ಉದ್ದಕ್ಕೂ ತಲೆಯ ಮೇಲೆ ಒಂದು ಷಾಫ್ಟು ತಿರುಗುತ್ತದೆ. ಅದರಿಂದ ಇಳಿಬಿದ್ದ ಬೆಲ್ಟುಗಳು ಮಗ್ಗಗಳನ್ನೆಲ್ಲ ಓಡಿಸುತ್ತವೆ. ಒಂದು ಬೆಲ್ಟು ಸಡಿಲವಾಗಿ ಜಾರುತ್ತಿತ್ತು. ಫಿಟ್ಟರ್ ಏಣಿ ಹತ್ತಿದ. ಷಾಫ್ಟನ್ನು ನಿಲ್ಲಿಸಿ ಕೈಹಾಕಬೇಕೆಂಬುದು ನಿಯಮ, ನಿಲ್ಲಿಸದೆ ಕೈಹಾಕಿದ. ಅಂಗಿಯ ತೋಳು ಸಿಕ್ಕಿಕೊಂಡು ಸುತ್ತತೊಡಗಿತು. ಅವನ ಬಾಯಿ “ಕೈ! ಕೈ!” ಎಂದಿತು. ಉಳಿದವರೆಲ್ಲ ತಂತಮ್ಮ ಮಗ್ಗಗಳ ಮೇಲೆ ಬಗ್ಗಿದ್ದರು. ತಲೆಯೆತ್ತಿ ನೋಡಿದವರು ಇಬ್ಬರೇ: ಎರಡು ಸಾಲು ದೂರದಲ್ಲಿದ್ದ ರೇಡಿಯೋ, ಮತ್ತು ಗೋಡೆಯ ಪಕ್ಕದಲ್ಲಿದ್ದ ನಾದಿನಿ. ರೇಡಿಯೋ ಹೆಜ್ಜೆ ಎತ್ತುವಷ್ಟರಲ್ಲಿ ಹುಡುಗಿ ಗೋಡೆಯ ಕೆಂಪು ಹಿಡಿಗೆ ಜೋತುಬಿದ್ದು ಎಳೆದಿದ್ದಳು.

ಷಾಫ್ಟು ಗಕ್ಕನೆ ನಿಂತಿತು. ಓಟದಲ್ಲಿದ್ದ ಮಗ್ಗಗಳಲ್ಲೆಲ್ಲ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಪಟಪಟನೆ ಹರಿದವು. ಅವನ್ನು ಒಂದೊಂದಾಗಿ ಕೈಯಿಂದಲೇ ಕೂಡಿಸಬೇಕು. ಇಡೀ ಶೆಡ್ಡು ದಿನಗಟ್ಟಲೆ ಬಟ್ಟೆ ಕಾಣಲಿಲ್ಲ. ಮೇಸ್ತ್ರಿ ಓಡಿಬರುವಷ್ಟರಲ್ಲಿ, ಎಲ್ಲರೂ ಹರಿದ ಎಳೆಗಳನ್ನು ನೋಡುತ್ತಿದ್ದಾಗ, ಫಿಟ್ಟರ್ ಅಂಗಿಯ ತೋಳು ಹರಿದುಕೊಂಡು ಇಳಿದು, ಏಣಿಯನ್ನೂ ಎತ್ತಿಕೊಂಡು, ಸಾಮಾನಿನ ಕೋಣೆ ಸೇರಿದ್ದ. ಕಣ್ಣೆದುರಿಗೆ ಇದ್ದವಳು ಹಿಡಿಗೆ ಕೈಯಿಟ್ಟು ನಿಂತಿದ್ದ ಹುಡುಗಿ ಒಬ್ಬಳೇ.

“ನಾನು ಆ ಕಡೆಗೇ ಹೋಗಿರಲಿಲ್ಲ” ಎಂದ ಫಿಟ್ಟರ್. ಮೇಸ್ತ್ರಿ ಮತ್ತೆ ಕೇಳಲಿಲ್ಲ. ತಾನೂ ಕಂಡೆನೆಂದ ರೇಡಿಯೋಳ ಮಾತನ್ನು ಮನೆಯವರ ಮಾತೆಂದು ತಳ್ಳಿಹಾಕಿದ. ಕಾರಣವಿಲ್ಲದೆ ಯಂತ್ರ ನಿಲ್ಲಿಸಿ ನಷ್ಟ ಮಾಡಿದ್ದಾಳೆ ಎಂದು ಹುಡುಗಿಯ ಮೇಲೆ ವರದಿ ಹೋಯಿತು, ತೀರ್ಮಾನವಾಗುವವರೆಗೆ ಅವಳನ್ನು ಕೆಲಸದಿಂದ ನಿಲ್ಲಿಸಿದರು. ದೊಡ್ಡ ಆಫೀಸಿನಿಂದ ಅಧಿಕಾರಿಯೊಬ್ಬರು ಬಂದು ವಿಚಾರಣೆ ನಡೆಸುವುದೆಂದೂ, ಹುಡುಗಿಯ ಪರವಾಗಿ ಶೆಡ್ಡಿನವರೊಬ್ಬರು ಮಾತನಾಡಬಹುದೆಂದೂ ನೋಟೀಸು ಬಂತು. ಬೇಕೆಂದೇ ಹಾಳುಮಾಡಿದವಳು ಎಂಬ ಮಾತು ಒಮ್ಮೆ ಅಂಟಿತೆಂದರೆ ಬೇರೆ ಯಾವ ಮಿಲ್ಲಿನ ಗೇಟೂ ಅವಳಿಗೆ ತೆರೆಯುವಂತಿರಲಿಲ್ಲ. ಅವಳಿಗೆ ಬರುವುದು ಅದೊಂದೇ ಕೆಲಸ.

“ನಮ್ಮ ರೇಡಿಯೋನೇ ಮಾತಾಡ್ಲಿ” ಎಂದರು ಶೆಡ್ಡಿನವರು ಒಂದೇ ಬಾಯಿಂದ.

ರೇಡಿಯೋ ಮೊದಲು ಹೋದದ್ದು ಫಿಟ್ಟರನ ಮನೆಗೆ. ದಾರಿಯುದ್ದಕ್ಕೂ ಮಾತು ಮಸೆದುಕೊಂಡೇ ಹೋದಳು. ಅವನು ಬಾಗಿಲು ತೆರೆದ. ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದ.

“ನಿಮ್ಮ ಕೈ ಉಳಿಸಿದ ಹುಡುಗಿ ಅನ್ನಕ್ಕೇ ಕೈ ಹಾಕಿದ್ರಲ್ಲಾ, ಮನುಷ್ಯರೇನ್ರೀ ನೀವು? ಕನ್ನಡೀಲಿ ಮುಖ ಹೇಗೆ ನೋಡ್ಕೊಳ್ತೀರಿ? ಅವಳು ನಿಮ್ಮನ್ನ ಅಣ್ಣ ಅಂತಿದ್ಲಲ್ರೀ!”

ಮಿಲ್ಲಿನವರಿಗೆ ದನಿಯಲ್ಲಿ ಮಧ್ಯದ ಹದವೆಂಬುದಿಲ್ಲ. ಒಂದೋ ಸದ್ದೇ ಇಲ್ಲ, ಇಲ್ಲವೇ ಬೀದಿಗೆಲ್ಲ ಕೇಳುವಷ್ಟು. ಎದುರುಮನೆಯ ಕಿಟಕಿ ತೆರೆಯಿತು, ಪಕ್ಕದ ಮನೆಯ ಬಾಗಿಲು ತೆರೆಯಿತು. ಫಿಟ್ಟರನ ಮುಖ ಕಪ್ಪಿಟ್ಟಿತು. ಏನನ್ನೋ ಹೇಳಲು ತೆರೆದಿದ್ದ ಬಾಯಿ ಮುಚ್ಚಿಕೊಂಡಿತು.

“ನಾನು ಅಲ್ಲಿರಲಿಲ್ಲ” ಎಂದು ಬಾಗಿಲು ಹಾಕಿಕೊಂಡ.

ಮನೆಗೆ ಬಂದು ಅತ್ತೆಯ ಮುಂದೆ ಎಲ್ಲವನ್ನೂ ಆಡಿತೋರಿಸಿದಳು. ಅತ್ತೆ ತುಟಿಯಿಂದ ಕಣ್ಣು ಕದಲಿಸದೆ ನೋಡಿ ಮುಗಿಸಿ ಕೇಳಿದಳು: “ನೀನು ಹೋಗಿದ್ದು ಅವನಿಂದ ನಿಜ ಹೇಳಿಸೋಕೋ, ನಿನ್ನ ಉರಿ ತೀರಿಸ್ಕೊಳ್ಳೋಕೋ?”

“ಎರಡಕ್ಕೂ.”

“ಒಂದು ಸಲಕ್ಕೆ ಒಂದು ಮಾತು ಅಂತ ನಿಂಗೆ ಎಷ್ಟು ಸಲ ಹೇಳಿದೀನಿ? ಅಷ್ಟು ಜನದ ಎದುರಿಗೆ ಅವನ ಮುಖಕ್ಕೆ ಅಷ್ಟು ಎರಚಿದ್ರೆ, ಒಂದಕ್ಕಾದ್ರೂ ಉತ್ತರ ಕೊಡೋಕೆ ಜಾಗ ಎಲ್ಲಿದೆ ಅವನಿಗೆ?”

ಅತ್ತೆಗೆ ಏನನ್ನಾದರೂ ಹೇಳಬೇಕೆಂದರೆ ಆ ಮನೆಯಲ್ಲಿ ಒಂದು ಕ್ರಮವಿತ್ತು. ಎದುರಿಗೆ ನಿಲ್ಲಬೇಕು. ಮುಖ ನೋಡಬೇಕು. ಒಂದು ಮಾತು ಹೇಳಿ, ಆಕೆ ತಲೆಯಾಡಿಸಿದ ಮೇಲೆ ಮುಂದಿನದನ್ನು ಎತ್ತಬೇಕು. ಅವಸರ ಮಾಡಿದರೆ ಆಕೆ ಕಣ್ಣುಮುಚ್ಚಿಬಿಡುತ್ತಿದ್ದಳು. ಆಮೇಲೆ ಎಷ್ಟು ಮಾತಾಡಿದರೂ ಗೋಡೆಗೆ ಹೇಳಿದಂತೆಯೇ.

ಅಷ್ಟರಲ್ಲಿ ಕಾರ್ಮಿಕರ ಸಂಘದ ಕಾರ್ಯದರ್ಶಿ ಭಾಷಣವೊಂದನ್ನು ಬರೆದುಕೊಂಡು ಬಂದರು. ಒಳ್ಳೆಯ ಮನುಷ್ಯರೇ. ಆದರೆ ಪೆನ್ನು ಹಿಡಿದರೆ ಆವೇಶ ಬರುತ್ತಿತ್ತು. “ಸನ್ಮಾನ್ಯ ಅಧ್ಯಕ್ಷರೇ, ಶ್ರಮಜೀವಿಗಳ ಬೆವರಹನಿಗಳಿಂದ ಅಭಿಷಿಕ್ತವಾದ ಈ ಕಾರ್ಖಾನೆಯ ಇತಿಹಾಸದಲ್ಲಿ...” ಎಂದು ಆರಂಭವಾದ ವಾಕ್ಯ ಪುಟದ ಕೊನೆಗೆ ಬಂದರೂ ಕ್ರಿಯಾಪದದ ಮುಖ ಕಂಡಿರಲಿಲ್ಲ.

“ಇದರಲ್ಲಿ ಹುಡುಗಿ ಎಲ್ಲಿ ಬರ್ತಾಳೆ, ಸಾರ್?” ಎಂದಳು ರೇಡಿಯೋ.

“ಮೂರನೇ ಪುಟದಲ್ಲಿ. ಮೊದಲು ವಾತಾವರಣ ಕಟ್ಟಬೇಕಮ್ಮ. ಬಾಯಿಪಾಠ ಮಾಡು. ಒಂದು ಪದ ಬಿಡಬೇಡ.”

ಓದಿದವರು ಬರೆದದ್ದು ಎಂದು ಅವಳು ಬಾಯಿಪಾಠ ಮಾಡತೊಡಗಿದಳು. ಬೇರೆ ಹೊತ್ತೆಲ್ಲಿ? ಮಗ್ಗದ ಮುಂದೆಯೇ. ಎಳೆ ನೋಡುತ್ತ, ಲಾಳಿ ಬದಲಿಸುತ್ತ, ಪಾಳಿಯುದ್ದಕ್ಕೂ ತುಟಿಯಲ್ಲಿ ಅದನ್ನೇ ಉರುಹೊಡೆದಳು. ಎದುರು ಸಾಲಿನವರು ನೋಡಿ, ಎಲ್ಲಿ ಕೈಯೆತ್ತಬೇಕು, ಎಲ್ಲಿ ನಿಲ್ಲಬೇಕು ಎಂದು ಸನ್ನೆಯಲ್ಲೇ ತಿದ್ದಿದರು. ವಿಚಾರಣೆಯ ಹಿಂದಿನ ದಿನ ಇಡೀ ಸಾಲು ತಲೆದೂಗಿತು. ಸಿದ್ಧವಾಯಿತು ಎಂದುಕೊಂಡಳು.

ವಿಚಾರಣೆ ನಡೆದದ್ದು ಆಫೀಸಿನ ಮಹಡಿಯ ಕೋಣೆಯಲ್ಲಿ. ದಪ್ಪ ಗೋಡೆ, ಮುಚ್ಚಿದ ಕಿಟಕಿ, ಉದ್ದನೆಯ ಮೇಜು. ಮೇಜಿನ ಹಿಂದೆ ದೊಡ್ಡ ಆಫೀಸಿನ ಅಧಿಕಾರಿ: ಕನ್ನಡಕದ, ನರೆಗೂದಲ ಹೆಂಗಸು. ಒಂದು ಪಕ್ಕಕ್ಕೆ ಮೇಸ್ತ್ರಿ, ಅವನ ಹಿಂದೆ ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡ ಫಿಟ್ಟರ್. ಇನ್ನೊಂದು ಪಕ್ಕಕ್ಕೆ ತಲೆ ತಗ್ಗಿಸಿದ ನಾದಿನಿ, ಜೊತೆಗೆ ರೇಡಿಯೋ. ಮಾತಾಡುವವರ ಮುಖ ಕಾಣುವಂತೆ ಕಿಟಕಿಯ ಕೆಳಗೆ ಹಾಕಿದ್ದ ಬೆಂಚಿನಲ್ಲಿ ಶೆಡ್ಡಿನ ನಾಲ್ಕಾರು ಜನ, ಕಾರ್ಯದರ್ಶಿ, ಮತ್ತು ಮಗಳ ಜೊತೆಗೆ ಬರುತ್ತೇನೆಂದು ಹಟ ಹಿಡಿದು ಬಂದಿದ್ದ ಅತ್ತೆ.

ಅಧಿಕಾರಿ ಹುಡುಗಿಯ ಹೇಳಿಕೆಯನ್ನು ಓದಿದರು. “‘ಯಾರ ಕೂಗೂ ಕೇಳಿಸಲಿಲ್ಲ, ತಪ್ಪಾಯಿತು.’ ಇದು ನೀನೇ ಬರೆದದ್ದಾ?”

“ಹೌದು.”

“ಹಾಗಾದರೆ ಇನ್ನೇನು ಉಳಿಯಿತು? ಇವಳ ಪರವಾಗಿ ಮಾತಾಡೋರು ಯಾರು?”

ರೇಡಿಯೋ ಎದ್ದು ನಿಂತಳು. ಕೈ ಜೋಡಿಸಿದಳು. ಆರಂಭಿಸಿದಳು.

ಒಂದು ಪದವನ್ನೂ ಬಿಡಲಿಲ್ಲ. ಸನ್ಮಾನ್ಯ ಅಧ್ಯಕ್ಷರು ಬಂದರು, ಬೆವರಹನಿಗಳು ಬಂದವು, ಎಲ್ಲಿ ಕೈಯೆತ್ತಬೇಕೋ ಅಲ್ಲಿ ಕೈ ಎದ್ದಿತು. ಅಧಿಕಾರಿಯ ಹುಬ್ಬು ಗಂಟಿಕ್ಕುತ್ತ ಬಂತು. ಮೇಸ್ತ್ರಿ ಬಾಯಿಗೆ ಕೈ ಅಡ್ಡ ಹಿಡಿದ. ಟಿಪ್ಪಣಿ ಬರೆಯುತ್ತಿದ್ದ ಗುಮಾಸ್ತ ಪೆನ್ನು ಕೆಳಗಿಟ್ಟು ಕಿಸಕ್ಕೆಂದ.

“ಯಾಕಮ್ಮ, ಸುಮ್ಮನೆ ಬಾಯಾಡಿಸ್ತಾ ನಿಂತಿದೀರಿ? ಮಾತಾಡಿ.”

ರೇಡಿಯೋ ಆಗ ಕಿವಿಗೊಟ್ಟಳು. ಆ ಕೋಣೆಯಲ್ಲಿ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ತನ್ನ ದನಿ ಕೇಳುತ್ತಿರಲಿಲ್ಲ. ಮಗ್ಗದ ಮುಂದೆ ಕಲಿತ ಭಾಷಣ ಮಗ್ಗದ ಮುಂದಿನಂತೆಯೇ ಬಂದಿತ್ತು. ಗಾಬರಿಯಿಂದ ಗಂಟಲು ಬಿಚ್ಚಿದಳು.

“ಸನ್ಮಾನ್ಯ ಅಧ್ಯಕ್ಷರೇ!”

ಮೇಜಿನ ಮೇಲಿದ್ದ ನೀರಿನ ಲೋಟದ ಮುಚ್ಚಳ ಝಣಗುಟ್ಟಿತು. ಗುಮಾಸ್ತ ಕುರ್ಚಿಯಲ್ಲೇ ಎಗರಿಬಿದ್ದ.

“ಇಲ್ಲಿ ಯಾರೂ ಕಿವುಡರಿಲ್ಲ” ಎಂದರು ಅಧಿಕಾರಿ ಗಡುಸಾಗಿ. “ಹೇಳೋದಿದ್ದರೆ ಸರಿಯಾಗಿ ಹೇಳಿ, ಇಲ್ಲದಿದ್ದರೆ ಕೂತ್ಕೊಳ್ಳಿ.”

ನಗು ಕೋಣೆಯನ್ನು ಒಂದು ಸುತ್ತು ಹಾಕಿತು. ನಾದಿನಿಯ ತಲೆ ಇನ್ನೂ ಕೆಳಗಿಳಿಯಿತು. ಬಾಯಿಪಾಠ ಮಾಡಿದ್ದರಲ್ಲಿ ಒಂದು ಪದವೂ ರೇಡಿಯೋಳ ತಲೆಯಲ್ಲಿ ಉಳಿಯಲಿಲ್ಲ. ಕೂತುಬಿಡೋಣವೆನ್ನಿಸಿತು. ಕೂತರೆ ಹುಡುಗಿಯ ಕಥೆ ಮುಗಿಯಿತು. ತಿರುಗಿ ಬೆಂಚಿನತ್ತ ನೋಡಿದಳು. ಅತ್ತೆ ಕಣ್ಣು ಮುಚ್ಚಿರಲಿಲ್ಲ. ಮುಂದಿನ ಮಾತಿಗಾಗಿ ಕಾಯುತ್ತಿದ್ದಳು.

ರೇಡಿಯೋ ಮತ್ತೆ ಮೇಜಿನ ಕಡೆಗೆ ತಿರುಗಿದಳು. ಈ ಬಾರಿ ದನಿ ಮನುಷ್ಯರ ದನಿಯಂತಿತ್ತು.

“ಅಮ್ಮಾ, ನಾನು ಈಗ ಮಾತಾಡಿದೆ. ನಿಮಗೆ ಕೇಳಿಸ್ಲಿಲ್ಲ.”

“ಹೌದು, ಕೇಳಿಸಲಿಲ್ಲ.”

“ಆ ಬೆಂಚಿನವರಿಗೆ ಅರ್ಥ ಆಗಿದೆ. ಅಲ್ಲಿ ಕೂತಿರೋ ನಮ್ಮ ಅತ್ತೆಗೆ ಕಿವಿ ಇಲ್ಲ. ಅವರನ್ನೇ ಕೇಳಿ ನೋಡಿ. ಅವರ ಮುಖ ನೋಡಿ ಕೇಳಬೇಕು.”

ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮುದುಕಿಯ ಕಡೆಗೆ ಬಗ್ಗಿದರು. “ಅಜ್ಜೀ, ಇವರು ಏನು ಹೇಳಿದರು?”

ಅತ್ತೆ ಎದ್ದು ನಿಂತಳು. “‘ಸನ್ಮಾನ್ಯ ಅಧ್ಯಕ್ಷರೇ’ ಅಂದ್ಲು. ‘ಬೆವರಹನಿ’ ಅಂದ್ಲು. ಆಮೇಲಿನದು ನಂಗೂ ತಿಳೀಲಿಲ್ಲ ತಾಯಿ. ಅದು ಕಾರ್ಯದರ್ಶಿಗಳು ಬರ್ಕೊಟ್ಟಿದ್ದು.”

ಈಗಿನ ನಗುವಿನಲ್ಲಿ ಅಧಿಕಾರಿಯದೂ ಸೇರಿತ್ತು. ಕಾರ್ಯದರ್ಶಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ನಗದೆ ಇದ್ದವರು ಮೇಸ್ತ್ರಿ ಮತ್ತು ಫಿಟ್ಟರ್.

“ನಮ್ಮ ಶೆಡ್ಡಿನಲ್ಲಿ ಎಲ್ಲರೂ ಹೀಗೇ ಮಾತಾಡೋದು” ಎಂದಳು ರೇಡಿಯೋ. ಅಧಿಕಾರಿ ತಲೆಯಾಡಿಸುವವರೆಗೆ ನಿಂತಳು. “ಅಲ್ಲಿ ಯಾರಿಗೂ ಯಾರ ಕೂಗೂ ಕೇಳಿಸೋದಿಲ್ಲ.” ಮತ್ತೆ ನಿಂತಳು. “ಕೂಗು ಕೇಳಿಸ್ತಾ ಅಂತ ಇವಳನ್ನ ಕೇಳಿದ್ರು. ಇಲ್ಲ ಅಂದಳು. ಕಂಡಿತಾ ಅಂತ ಯಾರೂ ಕೇಳ್ಲಿಲ್ಲ.”

ಅಧಿಕಾರಿಯ ತಲೆ ಆಡಲಿಲ್ಲ. ಅವರು ನಿಧಾನವಾಗಿ ಹುಡುಗಿಯತ್ತ ತಿರುಗಿದರು. “ಏನು ಕಂಡಿತು?”

ಹುಡುಗಿ ಮೊದಲು ಅತ್ತಿಗೆಯನ್ನೂ, ಆಮೇಲೆ ಫಿಟ್ಟರನನ್ನೂ ನೋಡಿದಳು. “ಅಣ್ಣ ‘ಕೈ, ಕೈ’ ಅಂತಿದ್ದದ್ದು ಕಂಡಿತು” ಎಂದಳು. ದನಿ ಇರುವೆಯ ಹೆಜ್ಜೆಯಷ್ಟಿತ್ತು. ಆ ಕೋಣೆಯಲ್ಲಿ ಅದೂ ಕೇಳಿಸಿತು.

“ಶುದ್ಧ ಸುಳ್ಳು, ಮೇಡಂ” ಎಂದು ಮೇಸ್ತ್ರಿ ಎದ್ದ. “ಅತ್ತಿಗೆ ಹೇಳಿಕೊಟ್ಟ ಪಾಠ. ಇವರಿಬ್ಬರೂ ಒಂದೇ ಮನೆಯವರು. ಫಿಟ್ಟರನ್ನೇ ಕೇಳಿ.”

“ನೀವು ಏಣಿ ಹತ್ತಿದ್ದಿರಾ?” ಎಂದು ಅಧಿಕಾರಿ ಫಿಟ್ಟರನನ್ನು ಕೇಳಿದರು.

“ಇಲ್ಲ.”

ಗುಮಾಸ್ತನ ಪೆನ್ನು ಆ ‘ಇಲ್ಲ’ವನ್ನು ಬರೆದುಕೊಂಡಿತು. ರೇಡಿಯೋಳ ನಾಲಿಗೆಯ ತುದಿಗೆ ಅಂದಿನ ಬೈಗುಳವೆಲ್ಲ ಸಾಲುಗಟ್ಟಿ ಬಂದು ನಿಂತಿತು. ಹೇಳಿದ್ದರೆ ಸುಖವಾಗುತ್ತಿತ್ತು. ಅವನು ಇನ್ನೊಮ್ಮೆ ‘ಇಲ್ಲ’ ಎನ್ನುತ್ತಿದ್ದ, ಅಷ್ಟೇ. ಅವನ ಮುಖ ನೋಡಿದಳು. ಅದು ಹೆದರಿದವನ ಮುಖವಾಗಿತ್ತು. ನಾದಿನಿಯ ಮುಖಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಅವನ ಎದುರಿಗೆ ಹೋಗಿ ನಿಂತಳು. ಗಂಟಲನ್ನು ಅದರ ಪಾಡಿಗೆ ಬಿಟ್ಟಳು. ತುಟಿಯಲ್ಲಿ, ಶೆಡ್ಡಿನ ಮಾತಿನಲ್ಲಿ, ಒಂದೇ ಮಾತು ಕೇಳಿದಳು:

“ಕೈ ಹೇಗಿದೆ, ಅಣ್ಣ?”

ಮೇಜಿನ ಹಿಂದಿದ್ದವರಿಗೆ ಏನೂ ಕೇಳಿಸಲಿಲ್ಲ. ಬೆಂಚಿನವರು ಮುಂದಕ್ಕೆ ಬಗ್ಗಿದರು.

ಫಿಟ್ಟರ್ ಬಹಳ ವರ್ಷಗಳಿಂದ ಅದೇ ಶೆಡ್ಡಿನಲ್ಲಿ ದುಡಿದವನು. ಅಲ್ಲಿ ಎದುರಿನವರು ತುಟಿಯಾಡಿಸಿದರೆ ಉತ್ತರ ತಾನಾಗಿ ಹೊರಡುತ್ತದೆ. ಅವನ ಬಲಗೈ ಜೇಬಿನಿಂದ ಹೊರಬಂತು. ಬೆರಳುಗಳನ್ನು ಮಡಚಿ ಬಿಚ್ಚಿ ತೋರಿಸಿದ. ಹೆಬ್ಬೆರಳು ಪೂರ್ತಿ ಮಡಚಲಿಲ್ಲ. ಮಣಿಕಟ್ಟಿನ ಸುತ್ತ ಕಪ್ಪುಗಟ್ಟಿದ ಗುರುತು ಬಳೆಯಂತೆ ಕೂತಿತ್ತು. “ಪರವಾಗಿಲ್ಲ” ಎಂದಿತು ಅವನ ತುಟಿ. ಆಮೇಲೆ ತಾನೇನು ಮಾಡಿದೆನೆಂದು ಅವನಿಗೆ ಅರಿವಾಗಿ, ಎತ್ತಿದ ಕೈ ಎತ್ತಿದ ಹಾಗೆಯೇ ನಿಂತಿತು.

ನೋಡಿದಿರಾ ಎಂದು ರೇಡಿಯೋ ಅಧಿಕಾರಿಯ ಕಡೆಗೆ ತಿರುಗಬಹುದಿತ್ತು. ತಿರುಗಲಿಲ್ಲ. ತಲೆಯಾಡಿಸಿ, ಕಾದಳು.

ಫಿಟ್ಟರ್ ಎದ್ದು ನಿಂತ.

“ಬರೆದುಕೊಂಡಿದ್ದನ್ನ ಹೊಡೆದುಹಾಕಿ, ಮೇಡಂ. ನಾನು ಏಣಿ ಹತ್ತಿದ್ದೆ.”

“ಏಯ್, ಯೋಚನೆ ಮಾಡಿ ಮಾತಾಡು!” ಎಂದ ಮೇಸ್ತ್ರಿ.

“ಇಷ್ಟು ದಿನ ಅದೇ ಮಾಡಿದ್ದು, ಮೇಸ್ತ್ರಿ. ಷಾಫ್ಟು ನಿಲ್ಲಿಸ್ಬೇಡ, ಬಟ್ಟೆ ಕಡಿಮೆ ಆಗುತ್ತೆ, ಹಾಗೇ ಸರಿ ಮಾಡು ಅಂತ ನೀವು ಹೇಳಿದ್ರಿ. ನಾನು ಹಾಗೇ ಹತ್ತಿದೆ. ತೋಳು ಸಿಕ್ಕಿತು. ಈ ಹುಡುಗಿ ಹಿಡಿ ಎಳೀದೆ ಇದ್ದಿದ್ರೆ ಈ ಕೈ ಇಲ್ಲಿ ಇರ್ತಿರಲಿಲ್ಲ.” ಅವನು ರೇಡಿಯೋಳ ಕಡೆ ನೋಡಲಿಲ್ಲ, ಹುಡುಗಿಯ ಕಡೆ ನೋಡಿದ. “ಕೆಲಸ ಹೋಗುತ್ತೆ ಅಂತ ಹೆದರಿಕೊಂಡೆ, ತಾಯಿ.”

ಅಧಿಕಾರಿ ಬಹಳ ಹೊತ್ತು ಬರೆದರು. ಫಿಟ್ಟರನಿಗೂ ಮೇಸ್ತ್ರಿಗೂ ಏನಾಗುತ್ತದೆಂದು ದೊಡ್ಡ ಆಫೀಸು ತೀರ್ಮಾನಿಸುತ್ತದೆ ಎಂದರು. ಫಿಟ್ಟರ್ ಒಪ್ಪಿಕೊಂಡದ್ದನ್ನೂ ಸೇರಿಸಿಯೇ ಬರೆಯುತ್ತೇನೆ ಎಂದರು. ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಆಮೇಲೆ ಅಧಿಕಾರಿ ಹುಡುಗಿಯ ಹಳೆಯ ಹೇಳಿಕೆಯ ಮೇಲೆ ಅಡ್ಡಗೆರೆ ಎಳೆದು, ಬಿಳಿಯ ಹಾಳೆಯೊಂದನ್ನು ಅವಳ ಮುಂದೆ ಸರಿಸಿದರು.

“ಇನ್ನೊಂದು ಬರೆದುಕೊಡು. ನಾಳೆಯಿಂದ ಕೆಲಸಕ್ಕೆ ಹೋಗು. ನಡೆದದ್ದನ್ನು ನಡೆದ ಹಾಗೆ ಬರಿ.”

ಕಾರ್ಯದರ್ಶಿ ಬೆಂಚಿನಿಂದ ಅರ್ಧ ಎದ್ದರು. “ನಾನೊಂದು ಕರಡು...”

“ನೀವು ಕೂತ್ಕೊಳ್ಳಿ, ಸಾರ್” ಎಂದರು ಶೆಡ್ಡಿನವರೆಲ್ಲ ಒಟ್ಟಿಗೆ. ಜೋರಾಗಿಯೇ.

ಹುಡುಗಿ ಪೆನ್ನು ಹಿಡಿದು ಕುಳಿತಳು. ಒಂದು ಸಾಲು ಬರೆದು ನಿಂತಳು. ಓದಿ ನೋಡಿ ಮುಂದಿನದನ್ನು ಬರೆದಳು. ಹಾಳೆಯನ್ನು ಅಧಿಕಾರಿಗೆ ಕೊಡುವ ಮೊದಲು ಬೆಂಚಿನ ಬಳಿಗೆ ಹೋಗಿ ಅಮ್ಮನ ಎದುರು ನಿಂತು, ಮುಖ ನೋಡುತ್ತ, ತುಟಿಯಲ್ಲಿ ಓದಿದಳು:

“ಫಿಟ್ಟರ್ ಅಣ್ಣನ ತೋಳು ಷಾಫ್ಟಿಗೆ ಸಿಕ್ಕಿದ್ದನ್ನು ಕಂಡೆ. ಅವರು ‘ಕೈ’ ಎಂದು ಕೂಗಿದ್ದನ್ನೂ ಕಂಡೆ. ಕೆಂಪು ಹಿಡಿ ಎಳೆದೆ.”

ಮುದುಕಿ ತಲೆಯಾಡಿಸಿದಳು. “ಆಮೇಲೆ?”

“ಅಷ್ಟೇ, ಅಮ್ಮ.”

“ತಪ್ಪಾಯ್ತು ಅಂತ ಎಲ್ಲೂ ಬರೆದಿಲ್ಲ ತಾನೇ?”

“ಇಲ್ಲ.”

“ಹಾಗಾದ್ರೆ ಕೊಡು” ಎಂದು ಅತ್ತೆ ಸೊಸೆಯ ಕೈ ಹಿಡಿದುಕೊಂಡು ಎದ್ದಳು.